ಹಂದಿ ಕೊಬ್ಬಿಲ್ಲದ ಸಿಗಡಿ ಶಾವಿಗೆ

ಎಣ್ಣೆ ಬಿಟ್ಟರೆ ಆಯುಷ್ಯ ಬೆಳೆಯುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮವ್ವ ಎಣ್ಣೆಯ ಮುಖ ಕಂಡದ್ದೇ ಹಬ್ಬ ಹುಣ್ಣಿಮೆಗೆ. ಉಳಿದ ದಿನ ರೊಟ್ಟಿ, ಕಾರ, ನೀರು ಮಜ್ಜಿಗೆ. ನನ್ನ ಮದುವೆ ನೋಡುವಷ್ಟು ದಿನವೂ ಅವಳು ಬದುಕಲಿಲ್ಲ. ನಮ್ಮ ಕಡೆ ಎಣ್ಣೆಯಿಲ್ಲದ ಅಡುಗೆ ಎಂದರೆ ಬಡವರ ಅಡುಗೆ. ಗೋವೆಗೆ ಬಂದ ಮೇಲೆ ಅದನ್ನೇ ಬಿಳಿ ಪಿಂಗಾಣಿ ಬಸಿಯಲ್ಲಿ ಹಾಕಿ, ಮೇಲೆ ಹಸಿರು ಉದುರಿಸಿ, ದುಡ್ಡಿದ್ದವರು ಕಣ್ಣು ಮುಚ್ಚಿಕೊಂಡು ತಿನ್ನುವುದನ್ನು ಕಂಡೆ. ಮಾಡಿ ಕೊಟ್ಟವಳು ನಾನೇ. ಹಾಗಾಗಿ ಬೈಯುವ ಹಕ್ಕು ನನಗಿದೆ.

ನಾನು ಗೋವೆಗೆ ಬಂದದ್ದು ಗಂಡನ ಹಿಂದೆ, ಕುಡಚಡೆಗೆ, ಅದಿರಿನ ಲಾರಿ ತುಂಬಲಿಕ್ಕೆ. ತಲೆಯ ಮೇಲೆ ಬುಟ್ಟಿ, ಬಾಯಿ ತುಂಬ ಕೆಂಪು ಧೂಳು. ಉಗುಳಿದರೆ ಕೆಂಪು, ಸೀರೆ ಹಿಂಡಿದರೆ ಕೆಂಪು. ಆ ಧೂಳೇ ಗಂಡನ ಎದೆಯಲ್ಲಿ ಕೂತು ಅವನನ್ನು ಒಯ್ದಿತು. ಆಮೇಲೆ ಮಡಗಾಂವದ ಮೋತಿ ಡೊಂಗರ್‌ನಲ್ಲಿ ಮೈದುನನ ಖೋಲಿ ಸೇರಿದೆ. ಮೈದುನ ಬಾಯಿ ಸತ್ತವನು. ಅವನ ಹೆಂಡತಿ, ನನ್ನ ನೆಗೆಣ್ಣಿ, ಇಬ್ಬರ ಮಾತನ್ನೂ ಒಬ್ಬಳೇ ಆಡುತ್ತಿದ್ದಳು. ಅವಳ ಬಾಯಿಂದ ತಪ್ಪಿಸಿಕೊಳ್ಳಲಿಕ್ಕಾದರೂ ದಿನವಿಡೀ ಹೊರಗಿರುವ ಕೆಲಸ ಬೇಕಾಗಿತ್ತು. ಬಾಣಾವಲಿಯ ಸಮುದ್ರದ ದಂಡೆಯಲ್ಲಿ, ತೆಂಗಿನ ಗರಿಯ ಚಪ್ಪರದ ಒಂದು ಊಟದ ಮನೆಯಲ್ಲಿ ಸಿಗಡಿ ಸುಲಿಯುವ ಕೆಲಸ ಸಿಕ್ಕಿತು. ಎಂಬತ್ತರ ದಶಕ ಅರ್ಧ ಕಳೆದಿರಬೇಕು.

ನಮ್ಮದು ಲಿಂಗ ಕಟ್ಟಿಕೊಂಡ ಮನೆ. ಮೀನು ತಿಂದವರ ಗಿಂಡಿಯ ನೀರು ಕೂಡ ಮುಟ್ಟುವುದಿಲ್ಲ ಎನ್ನುವ ಜನ ನಾವು. ಹಾಗೆ ಹೇಳಲಿಕ್ಕೆ ಹೊಟ್ಟೆ ತುಂಬಿರಬೇಕು. ಮುಟ್ಟುವುದು ಬೇರೆ, ತಿನ್ನುವುದು ಬೇರೆ ಎಂದು ನಾನೇ ತೀರ್ಪು ಕೊಟ್ಟುಕೊಂಡು, ಸೆರಗನ್ನು ಮೂಗಿಗೆ ಕಟ್ಟಿ ಸಿಗಡಿಯ ಬುಟ್ಟಿಯ ಮುಂದೆ ಕೂತೆ. ಸ್ವಲ್ಪ ದಿನದಲ್ಲಿ ಸೆರಗು ಮೂಗಿನಿಂದ ಇಳಿಯಿತು. ಮೂಗು ಎಲ್ಲಕ್ಕೂ ಹೊಂದಿಕೊಳ್ಳುತ್ತದೆ, ಅದಕ್ಕೆ ಮಡಿ ಮೈಲಿಗೆ ಇಲ್ಲ.

ಆ ಊಟದ ಮನೆಯ ಯಜಮಾನ ಒಬ್ಬ ಮುದುಕ. ಹರೆಯದಲ್ಲಿ ಹಡಗಿನ ಅಡುಗೆಯವನಾಗಿ ಲೋಕ ಸುತ್ತಿದವನು. ಅಲ್ಲಿ ಮಾಲೀಕನನ್ನು ಪಾತ್ರಾಂವ್ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಅವನು ನನ್ನನ್ನು ಘಾಂಟಿ ಎನ್ನುತ್ತಿದ್ದ. ಘಟ್ಟದ ಮೇಲಿನಿಂದ ಬಂದವರಿಗೆಲ್ಲ ಅಲ್ಲಿ ಅದೇ ಹೆಸರು, ಬೈಗುಳವೂ ಅದೇ. ನಮ್ಮ ಕೂಲಿಯವರ ಜೊತೆ ಕೂಗಾಡಿ ಕೂಗಾಡಿ ಅವನು ಕನ್ನಡ ಕಲಿತಿದ್ದ. ಹಾಗೆ ಕಲಿತ ಕನ್ನಡದಲ್ಲಿ ಮರ್ಯಾದೆಯ ಮಾತು ಒಂದೂ ಇರಲಿಲ್ಲ.

ಅವನ ಹೆಸರುವಾಸಿ ಅಡುಗೆ ಒಂದೇ, ಯಾವುದೋ ಪೂರ್ವದ ಬಂದರಿನಲ್ಲಿ ಚೀನಿಯರ ಕೈಯಿಂದ ಕಲಿತದ್ದು. ಹಂದಿಯ ಕೊಬ್ಬನ್ನು ಸಣ್ಣಗೆ ಹೆಚ್ಚಿ ಕಬ್ಬಿಣದ ಕಡಾಯಿಯಲ್ಲಿ ಕರಗಿಸುವುದು. ಆ ಜಿಡ್ಡಿನಲ್ಲಿ ಬೆಳ್ಳುಳ್ಳಿ, ಮೆಣಸಿನಕಾಯಿ, ಸಿಗಡಿ, ಚಿಪ್ಪಿನ ಮೀನು. ಮೇಲೆ ಅಗಲವಾದ ಅಕ್ಕಿಯ ನೂಡಲ್ಸು, ಕರಿಯ ಸೋಯಾ ಸಾಸು, ಒಡೆದ ತತ್ತಿ, ಮೊಳಕೆ ಬಂದ ಹೆಸರು. ಕಡಾಯಿ ಹೊಗೆಯಾಡುವಷ್ಟು ಕಾಯಬೇಕು, ಎರಡು ಮಾತು ಆಡುವುದರೊಳಗೆ ಕೆಳಗಿಳಿಯಬೇಕು. ಅವನ ಕೈ ನಡುಗಲಿಕ್ಕೆ ಶುರುವಾದ ಮೇಲೆ ಸವಟು ನನ್ನ ಕೈಗೆ ಬಂತು. ನಾನು ಸಪ್ಪಳ ಕೇಳಿ, ವಾಸನೆ ನೋಡಿ ಮಾಡುತ್ತಿದ್ದೆ. ರುಚಿ ನೋಡುವ ಕೆಲಸ ಅವನದು. ಒಂದು ಎಳೆ ಬಾಯಿಗೆ ಹಾಕಿಕೊಂಡು "ಉಪ್ಪು" ಎನ್ನುತ್ತಿದ್ದ, ಇಲ್ಲವೇ "ಸತ್ತೈತಿ, ಎಸಿ" ಎನ್ನುತ್ತಿದ್ದ. ಚಲೋ ಎಂದದ್ದು ನಾನು ಕೇಳಿಲ್ಲ. ಏನೂ ಅನ್ನದಿದ್ದರೆ ಚಲೋ ಎಂದು ತಿಳಿದುಕೊಳ್ಳಬೇಕು.

ಒಂದು ಬೇಸಿಗೆಯಲ್ಲಿ ಮುದುಕನಿಗೆ ಎದೆ ಹಿಡಿಯಿತು. ಆಸ್ಪತ್ರೆಯಿಂದ ತಿರುಗಿ ಬಂದಾಗ ಅರ್ಧ ಆಳಾಗಿದ್ದ, ನಾಲಿಗೆ ಮಾತ್ರ ಪೂರಾ ಇತ್ತು. ಕೊಬ್ಬು ಮುಟ್ಟಿದರೆ ಇನ್ನೊಂದು ಸಲ ಎಬ್ಬಿಸಿ ಕೂಡಿಸುವುದು ನಮ್ಮಿಂದಾಗದು ಎಂದು ವೈದ್ಯ ಹೇಳಿ ಕಳಿಸಿದ್ದ. ಅದನ್ನು ನನಗೆ ಹೇಳಿದವಳು ಅವನ ಮಗಳು. ಮದುವೆಯಾಗದೆ ಅಪ್ಪನ ಜೊತೆ ಇದ್ದವಳು, ಅವನ ಹಾಗೇ ನಮ್ಮ ಕನ್ನಡ ಕಲಿತವಳು. ಬಣ್ಣದ ಪುಸ್ತಕ ಓದುವವಳು, ಮಾತುಮಾತಿಗೆ ಕಣ್ಣೀರು ಹಾಕುವವಳು. ಅಳುವುದನ್ನು ನಿಲ್ಲಿಸಿದ್ದರೆ ಅಷ್ಟರಲ್ಲಿ ಒಂದು ಬುಟ್ಟಿ ಸಿಗಡಿ ಸುಲಿಯಬಹುದಿತ್ತು.

"ಅಪ್ಪ ತನ್ನ ನೂಡಲ್ಸ್ ಬಿಟ್ಟು ಬ್ಯಾರೆ ಏನೂ ತಿನ್ನೂದಿಲ್ಲಂತ. ಅದನ್ನ ಹಗುರಾಗಿ ಮಾಡಿಕೊಡು, ನಿನ್ನ ಕೈ ಮುಗೀತೇನಿ."

"ಅಕ್ಕಾರ, ಕೊಬ್ಬು ತೆಗದ್ರ ಅದರಾಗ ಏನ್ ಉಳೀತೈತ್ರಿ?"

"ಏನರ ಮಾಡು."

ಅವಳಿಗೆ ಅಪ್ಪ ಬೇಕಾಗಿತ್ತು. ನನಗೆ ಒಲೆ ಬೇಕಾಗಿತ್ತು. ಆ ಜಾಗ ಮುದುಕನ ಹೆಸರಿನಲ್ಲಿತ್ತು. ಅರಬರ ನಾಡಿನಲ್ಲಿ ದುಡಿಯುತ್ತಿದ್ದ ಅವನ ಮಗ, ದಂಡೆಯ ಮೇಲೆ ಹೋಟೆಲು ಎಬ್ಬಿಸುವವರ ಜೊತೆ ಆಗಲೇ ಮಾತು ಮುಗಿಸಿ ಕೂತಿದ್ದ. ಅಪ್ಪ ಹೋದ ಮರುದಿನ ಚಪ್ಪರ ಕೀಳುವುದೇ. ಅದು ಅಲ್ಲಿಯ ಕಾಗೆಗಳಿಗೂ ಗೊತ್ತಿತ್ತು. ಚಪ್ಪರ ಹೋದರೆ ನಾನು ಮತ್ತೆ ಕುಡಚಡೆಯ ಬುಟ್ಟಿಗೆ ತಲೆ ಕೊಡಬೇಕು, ಇಲ್ಲವೇ ಫೋಂಡಾದ ಕಟ್ಟಡದಲ್ಲಿ ಕಲ್ಲು ಹೊರಬೇಕು. ಮೊಣಕಾಲು ಆಗಲೇ ಸೋತಿದ್ದವು. ಹಾಗಾಗಿ ಮುದುಕ ಬದುಕಬೇಕಾಗಿತ್ತು. ನಾನು ಅವನಿಗೆ ಮಾಡಿದ್ದು ಸೇವೆ ಎಂದು ಯಾರಾದರೂ ಅಂದರೆ ನಗುತ್ತೇನೆ.

ಮೊದಲು ಕೊಬ್ಬು ತೆಗೆದು ಕೊಬ್ಬರಿ ಎಣ್ಣೆ ಹಾಕಿದೆ. ಅದೂ ಬೇಡ ಎಂದಳು ಮಗಳು, ಪುಸ್ತಕದಲ್ಲಿ ಬರೆದಿದೆಯಂತೆ. ಸೇಂಗಾ ಎಣ್ಣೆಯನ್ನು ಬಟ್ಟೆಯ ಚೂರಿನಲ್ಲಿ ಅದ್ದಿ, ದೋಸೆಯ ಹಂಚಿಗೆ ಸವರಿದ ಹಾಗೆ ಕಡಾಯಿಗೆ ಸವರಿದೆ. ನೂಡಲ್ಸು ತಳ ಹಿಡಿದು ಕರಕಲಾಯಿತು. ಮುದುಕ ಬಸಿಯನ್ನು ಎತ್ತಿ ಕಿಟಕಿಯ ಹೊರಗೆ ಹಾಕಿದ. ಹೊರಗೆ ಊರ ಹಂದಿಗಳು ತಿರುಗುತ್ತಿದ್ದವು. ಒಂದು ಮೂಸಿ ನೋಡಿ ಮುಂದೆ ಹೋಯಿತು.

"ನೋಡು, ಹಂದೀನೂ ಒಲ್ಲೆ ಅಂತು" ಎಂದ.

"ಅದಕ್ಕೇನ್ರಿ, ತನ್ನ ಕೊಬ್ಬು ಅದರಾಗಿಲ್ಲಂತ ಸಿಟ್ಟು ಬಂದಿರಬೇಕು."

ಮುದುಕ ನಗಲಿಲ್ಲ. ನಗುವುದಕ್ಕೂ ಎದೆ ನೋಯುತ್ತಿತ್ತೇನೋ.

ಎಣ್ಣೆ ಹೋದ ಜಾಗದಲ್ಲಿ ರಸ ಬರಬೇಕು ಎಂದು ತಿಳಿಯಲಿಕ್ಕೆ ನನಗೆ ಸ್ವಲ್ಪ ದಿನ ಹಿಡಿಯಿತು. ಸಿಗಡಿಯ ತಲೆಗಳನ್ನು ನಾವು ಎಸೆಯುತ್ತಿದ್ದೆವು. ಅವನ್ನು ಹುರಿದು, ಜಜ್ಜಿ, ನೀರು ಹಾಕಿ ಕುದಿಸಿ ಸೋಸಿದೆ. ಕೆಂಪಗೆ ರಸ ಬಂತು. ಕಡಾಯಿ ಕಾದಾಗ ಎಣ್ಣೆಯ ಬದಲು ಆ ರಸವನ್ನು ಚಿಮುಕಿಸಿ ಚಿಮುಕಿಸಿ ಹುರಿದೆ. ಮೊಳಕೆ ಹೆಚ್ಚು ಹಾಕಿದೆ, ಉಳ್ಳಾಗಡ್ಡಿಯ ಹಸಿರು ಹಾಕಿದೆ, ಸಾಸು ಕಡಿಮೆ ಮಾಡಿದೆ, ಕೊನೆಗೆ ಲಿಂಬಿ ಹಿಂಡಿದೆ. ಅಕ್ಕಿಯ ನೂಡಲ್ಸು ರಸ ಕುಡಿದು ಕುಡಿದು ಗಂಜಿಯಾಯಿತು. ಮುದುಕ ಅದನ್ನು ಕಿಟಕಿಗೆ ಹಾಕಲಿಲ್ಲ, ನನ್ನ ಮುಂದೆ ಇಟ್ಟ. "ಹಲ್ಲು ಬಿದ್ದ ಮ್ಯಾಲೆ ಕೊಡು" ಎಂದ. ಹಟ ಹಿಡಿದು ಬರೀ ಚಹಾ ಕುಡಿದು ಕೂತ. ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಮಗಳು ಒಲೆಯ ಹತ್ತಿರ ನಿಂತು ಅಳುತ್ತಿದ್ದಳು. ನಾನು ಮನಸ್ಸಿನಲ್ಲೇ ಅದಿರಿನ ಬುಟ್ಟಿ ಹೊರಲಿಕ್ಕೆ ತಲೆಗೆ ಸಿಂಬಿ ಸುತ್ತಿಕೊಳ್ಳುತ್ತಿದ್ದೆ.

ಅದೇ ವಾರ ನಮ್ಮ ಖೋಲಿಯಲ್ಲಿ ಇನ್ನೊಂದು ಅವಾಂತರ. ನಮ್ಮ ಕಡೆ ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಶಾವಿಗೆ ಹೊಸೆದು ಇಟ್ಟುಕೊಳ್ಳುತ್ತಾರೆ. ಗೋದಿಯ ಸಣ್ಣ ರವೆಯನ್ನು ನೆನೆಸಿ, ಕುಟ್ಟಿ, ಶಾವಿಗೆ ಮಣೆಯ ಮೇಲೆ ಒಬ್ಬಳು ಹೊಸೆಯಬೇಕು, ಇನ್ನೊಬ್ಬಳು ಎಳೆಗಳನ್ನು ಹಿಡಿದು ಕೋಲಿನ ಮೇಲೆ ಒಣ ಹಾಕಬೇಕು. ಊರಲ್ಲಿ ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಕಟಕಟ ಮುರಿಯುತ್ತದೆ. ನೆಗೆಣ್ಣಿ ಊರಿಂದ ಮಣೆ ಹೊತ್ತು ತಂದಿದ್ದಳು. ಎಲ್ಲಿಯ ಬಿಸಿಲಾದರೇನು, ಬಿಸಿಲು ಬಿಸಿಲೇ ಎಂದು ನಾವಿಬ್ಬರೂ ಜಾಣೆಯರು ಕೂತು ಹೊಸೆದೆವು. ಡೊಂಗರದ ಇಕ್ಕಟ್ಟಿನಲ್ಲಿ ಕೋಲು ಕಟ್ಟಲಿಕ್ಕೆ ಸಿಕ್ಕ ಜಾಗ ಒಂದೇ. ಅದರ ಕೆಳಗೆ ನೆರೆಮನೆಯವಳು ಗೋಣಿಚೀಲದ ಮೇಲೆ ಮಳೆಗಾಲಕ್ಕೆಂದು ಸಿಗಡಿ ಒಣ ಹಾಕಿದ್ದಳು. ನಮ್ಮ ಶಾವಿಗೆ ನೋಡಿ ಅವಳು ಏನೋ ಹೇಳಲಿಕ್ಕೆ ಬಂದಳು. ನೆಗೆಣ್ಣಿ, "ನಮಗ ಕಲಿಸಾಕ ಬರ್ತಾಳ" ಎಂದು ಅವಳಿಗೆ ಬೆನ್ನು ಮಾಡಿದಳು.

ಸಮುದ್ರದ ಗಾಳಿ ನಮ್ಮ ಗಾಳಿಯಲ್ಲ. ಶಾವಿಗೆ ಮೂರು ದಿನವಾದರೂ ಮೆತ್ತಗೇ ಇತ್ತು. ಆಮೇಲೆ ಒಣಗಿತು. ಅಷ್ಟರಲ್ಲಿ ಕೆಳಗಿನ ಸಿಗಡಿಯ ವಾಸನೆಯನ್ನೆಲ್ಲ ಕುಡಿದಿತ್ತು. ಬೆಲ್ಲ ಹಾಲು ಹಾಕಿ ಕುದಿಸಿದಾಗ ಮೈದುನ ಒಂದು ತುತ್ತು ಬಾಯಿಗಿಟ್ಟು, ಎದ್ದು ಹೊರಗೆ ಹೋಗಿ ಉಗುಳಿದ.

"ಯಕ್ಕಾ, ಇದು ನಿನ್ನ ಕೈ ವಾಸನಿ! ಹಿಟ್ಟು ನಾದಿದಾಕಿ ನೀನ" ಎಂದಳು ನೆಗೆಣ್ಣಿ.

"ನನ್ನ ಕೈ ಆಗಿದ್ರ ರೊಟ್ಟೀನೂ ನಾರಬೇಕಿತ್ತಲ್ಲ? ದಿನಾ ತಿಂತಿ."

"ರೊಟ್ಟಿ ಒಲಿ ಮ್ಯಾಲ ಸುಡ್ತೈತಿ. ಪಾಪ ಅಲ್ಲೇ ಹೋಗ್ತೈತಿ."

"ಹಂಗಾರ ನಿನ್ನ ನಾಲಿಗೀನೂ ಒಮ್ಮಿ ಒಲಿ ಮ್ಯಾಲ ಹಿಡಿ."

ಅವಳು ಶಾವಿಗೆಯನ್ನೆಲ್ಲ ಚರಂಡಿಗೆ ಸುರಿಯಲಿಕ್ಕೆ ಎತ್ತಿದಳು. ಗೋದಿಯ ಬೆಲೆ ನನಗೆ ಗೊತ್ತಿತ್ತು. ಕಸಿದುಕೊಂಡು, ಅರಿವೆಯಲ್ಲಿ ಕಟ್ಟಿ, ಮರುದಿನ ಬಸ್ಸಿನಲ್ಲಿ ಬಾಣಾವಲಿಗೆ ಒಯ್ದೆ. ಬಸ್ಸಿನವರೆಲ್ಲ ನನ್ನ ಕಡೆ ನೋಡಿದರು.

ಗೋದಿಯ ಶಾವಿಗೆ ಗಂಜಿಯಾಗುವ ಜಾತಿಯಲ್ಲ. ಕುದಿಯುವ ನೀರಿಗೆ ಹಾಕಿ, ಅರ್ಧ ಬೆಂದಾಗ ಬಸಿದು, ತಣ್ಣೀರು ಹೊಡೆದೆ. ಕಡಾಯಿಯಲ್ಲಿ ಸಿಗಡಿ, ಮೊಳಕೆ, ತಲೆಯ ರಸ. ಶಾವಿಗೆ ರಸ ಕುಡಿದೂ ಎಳೆ ಎಳೆಯಾಗಿ ನಿಂತಿತು. ವಾಸನೆ ಅಂತೂ ಕೇಳಬೇಡಿ, ನಮ್ಮ ಮನೆಯಲ್ಲಿ ಪಾಪವಾದದ್ದು ಅಲ್ಲಿ ಮಸಾಲೆಯಾಯಿತು. ಮುದುಕ ಒಂದು ಎಳೆ ತಿಂದ. ಇನ್ನೊಂದು ತಿಂದ. "ಇದೇನ್ ದಾರ ಬೇಯಿಸೀಯೇನು?" ಎಂದ. ಬೈಯುತ್ತ ಬೈಯುತ್ತ ಅರ್ಧ ಬಸಿ ತಿಂದ. ಮಗಳು ಅದಕ್ಕೂ ಅತ್ತಳು.

ಅಂತೂ ಊಟ ಒಳಗೆ ಹೋಗತೊಡಗಿತು. ಮುಖಕ್ಕೆ ಬಣ್ಣ ಬಂತು. ಬೈಗುಳಕ್ಕೆ ಬಲ ಬಂತು. ಆ ವರ್ಷದಿಂದ ನಾನು ಬೇಸಿಗೆಯಲ್ಲಿ ಬೇಕೆಂದೇ ಒಣ ಸಿಗಡಿಯ ಮೇಲೆ ಶಾವಿಗೆ ಒಣ ಹಾಕುತ್ತಿದ್ದೆ. ನೆಗೆಣ್ಣಿ ಆ ಕಡೆ ಮುಖ ಮಾಡದೆ ಹೊಸೆದು ಕೊಡುತ್ತಿದ್ದಳು, ಕೂಲಿಯನ್ನು ಮಾತ್ರ ಮುಖ ತಿರುಗಿಸದೆ ತೆಗೆದುಕೊಳ್ಳುತ್ತಿದ್ದಳು.

ತೊಂಬತ್ತರ ಹೊತ್ತಿಗೆ ದಂಡೆಯ ತುಂಬ ಬಿಳಿಯರು. ಹಗಲೆಲ್ಲ ಮೈಗೆ ಎಣ್ಣೆ ಸುರಿದುಕೊಂಡು ಬಿಸಿಲಿಗೆ ಬಿದ್ದಿರುವುದು, ಊಟಕ್ಕೆ ಬಂದಾಗ ಎಣ್ಣೆ ಬೇಡ ಎನ್ನುವುದು. ಅವರಲ್ಲಿ ಒಬ್ಬಳು ಮುದುಕನ ಬಸಿ ನೋಡಿ, ತನಗೂ ಅದೇ ಬೇಕು ಎಂದಳು. ಮರುದಿನ ಅವಳು ಇನ್ನಿಬ್ಬರನ್ನು ಕರೆತಂದಳು. ಮಗಳು ಹೊರಗೆ ಊಟದ ಪಟ್ಟಿಯ ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನನ್ನ ಶಾವಿಗೆಯ ಹೆಸರು ಬರೆದಳು. ಮೊದಲ ಸಾಲಿನಲ್ಲಿ ಬರೆದಳು. ಅಪ್ಪನ ಹಳೆಯ ಅಡುಗೆಯ ಹೆಸರು ಅದರ ಕೆಳಗೆ ಹೋಯಿತು.

ಮುದುಕ ಅದನ್ನು ಕಂಡದ್ದು ಒಂದು ಮಧ್ಯಾಹ್ನ, ಕೋಲೂರಿಕೊಂಡು ಹೊರಗೆ ಬಂದಾಗ. ಓದಿದ. ಒಳಗೆ ಬಂದು ಮುಚ್ಚಿಟ್ಟಿದ್ದ ಕೊಬ್ಬಿನ ಡಬ್ಬಿ ತೆಗೆದ. ಗಿರಾಕಿಗಳಿಗೆಂದು ಅದು ಇನ್ನೂ ಇತ್ತು. ನನ್ನ ಕೈಯಿಂದ ಸವಟು ಕಸಿದುಕೊಂಡ. ಕೈ ನಡುಗುತ್ತಿತ್ತು, ಆದರೂ ಕಡಾಯಿ ಅವನ ಮಾತು ಕೇಳುತ್ತಿತ್ತು. ಕೊಬ್ಬು ಕರಗಿತು, ಬೆಳ್ಳುಳ್ಳಿ ಬಿತ್ತು, ಚಪ್ಪರವೆಲ್ಲ ಆ ವಾಸನೆ ತುಂಬಿತು. ಒಂದು ಬಸಿಯ ತುಂಬ ಮಾಡಿ ಮೇಜಿನ ಮೇಲಿಟ್ಟುಕೊಂಡು ಕೂತ. ಮಗಳು ಓಡಿ ಬಂದು ಬಸಿ ಹಿಡಿದಳು. ಅವನು ಬಿಡಲಿಲ್ಲ.

"ಪಾತ್ರಾಂವ್, ತಿಂದ್ರ ಸಾಯ್ತೀರಿ" ಎಂದೆ.

"ಸಾಯ್ತೇನಿ. ಹಲಿಗಿ ಮ್ಯಾಲ ನನ್ನ ಕೆಳಗ ಹಾಕೀರಿ, ಸತ್ತಂಗ ಆತು."

"ಅದು ಸುಣ್ಣದಾಗ ಬರದದ್ದರೀ. ಒರಸಿದ್ರ ಹೋಗ್ತೈತಿ."

"ಏ ಘಾಂಟಿ, ಇಲ್ಲಿ ಬಾ. ಇಷ್ಟು ವರ್ಷ ಮಾಡೀದಿ. ಒಮ್ಮಿಯರ ತಿಂದೀಯೇನು?"

"ನಮ್ಮಾಗ ನಡಿಯಂಗಿಲ್ರಿ."

"ತಿನ್ನದಾಕಿ ನನಗ ಏನ್ ಹೇಳ್ತಿ? ನಿಂದೂ ಒಂದು ಬಸಿ ತಾ. ಎರಡೂ ತಿನ್ನು. ತಿಂದು ಖರೇ ಹೇಳು, ಯಾವುದು ಊಟ. ನಿಂದು ಅಂದ್ರ ಇದನ್ನ ಹಂದಿಗೆ ಹಾಕ್ತೇನಿ. ನಂದು ಅಂದ್ರ ಇದನ್ನ ನಾ ತಿಂತೇನಿ, ಯಾರೂ ಬಾಯಿ ಬಿಡಬಾರದು."

ಮಗಳು ನನ್ನ ಕಡೆ ಕಣ್ಣು ಮಾಡಿದಳು. ಸುಳ್ಳು ಹೇಳು ಎಂದು ಬಾಯಲ್ಲಿ ಹೇಳುವುದೊಂದು ಬಾಕಿ. ಸುಳ್ಳು ಹೇಳಲಿಕ್ಕೆ ನನಗೇನೂ ಅಡ್ಡಿಯಿರಲಿಲ್ಲ. ಆದರೆ ಮೊದಲು ತಿನ್ನಬೇಕಲ್ಲ. ಹುಟ್ಟಿದಾಗಿನಿಂದ ಕಾಯ್ದುಕೊಂಡದ್ದು ಒಂದು ಕಡೆ. ಕುಡಚಡೆಯ ಧೂಳು ಇನ್ನೊಂದು ಕಡೆ. ಧೂಳನ್ನಂತೂ ನಾನು ತಿಂದು ನೋಡಿದ್ದೆ.

ನನ್ನ ಶಾವಿಗೆ ಮೊದಲು ತಿಂದೆ. ಸಿಗಡಿ ಹಲ್ಲಿಗೆ ಸಿಕ್ಕಿತು, ರಬ್ಬರಿನ ಹಾಗೆ ಅನ್ನಿಸಿತು. ಹುಳಿ, ಖಾರ, ಒಂದಿಷ್ಟು ಸಮುದ್ರ. ಕೆಟ್ಟದ್ದೇನೂ ಅಲ್ಲ. ಜಡ್ಡಿನವರಿಗೆ ಕೊಡಬಹುದು. ಆಮೇಲೆ ಅವನದು ತಿಂದೆ. ಆ ಜಿಡ್ಡು ನಾಲಿಗೆಯ ಮೇಲೆ ಹರಡಿಕೊಂಡಿತು. ಹೊಗೆ, ಉಪ್ಪು, ಸಿಹಿ ಎಲ್ಲ ಒಟ್ಟಿಗೆ ಬಂದವು. ಇಂಥದ್ದನ್ನು ನಾನೇ ಇಷ್ಟು ವರ್ಷ ಮಾಡಿ ಮಾಡಿ ಮಂದಿಗೆ ಹಾಕಿದೆನಲ್ಲ, ಅವರು ಕುರ್ಚಿ ಬಿಟ್ಟು ಏಳದೆ ಇದ್ದದ್ದು ಇದಕ್ಕೇ ಎಂದು ಆಗ ತಿಳಿಯಿತು. ಸಿಡಿಲು ಬೀಳಲಿಲ್ಲ. ಕೊರಳಿನ ಲಿಂಗವೂ ಹರಿದು ಬೀಳಲಿಲ್ಲ.

ಮುದುಕ ನನ್ನ ಮುಖವನ್ನೇ ನೋಡುತ್ತಿದ್ದ. ಜೀವಮಾನವೆಲ್ಲ ತಿನ್ನುವವರ ಮುಖ ನೋಡಿದವನು. ನನ್ನ ಬಾಯಿ ಏನು ಹೇಳಿದರೂ ಇನ್ನು ಉಪಯೋಗವಿರಲಿಲ್ಲ.

"ನಿಮ್ದ ಊಟರೀ" ಎಂದೆ. "ನಂದು ಔಷಧ."

ಮಗಳು ಬಸಿಯಿಂದ ಕೈ ತೆಗೆದು ಮುಖಕ್ಕೆ ಒತ್ತಿಕೊಂಡಳು. ಮುದುಕ ಒಂದು ತುತ್ತು ತೆಗೆದುಕೊಂಡ. ನುಂಗಲಿಕ್ಕೆ ಅವಸರ ಮಾಡಲಿಲ್ಲ. ನುಂಗಿದ. ಆಮೇಲೆ ಬಸಿಯನ್ನು ನನ್ನ ಕಡೆ ನೂಕಿದ.

"ಉಳಿದದ್ದು ನೀ ತಿನ್ನು. ಹೆಂಗೂ ಜಾತಿ ಕೆಟ್ಟೈತಿ."

"ಮತ್ತ ನೀವು?"

"ನನಗ ಆ ದಾರ ಕೊಡು. ಗೊತ್ತಾತಲ್ಲ, ಯಾವುದು ಊಟ ಅಂತ. ಸಾಕು."

ಇಷ್ಟೇ ಬೇಕಾಗಿದ್ದರೆ ಮೊದಲೇ ಬಾಯಿ ಬಿಟ್ಟು ಕೇಳಬಹುದಿತ್ತು. ಕೇಳಲಿಕ್ಕೆ ಗಂಡಸರಿಗೆ ಬರುವುದಿಲ್ಲ. ಸಾಯುತ್ತೇನೆ ಎಂದು ಮನೆಯವರನ್ನೆಲ್ಲ ಹೆದರಿಸಿದ ಮೇಲೆಯೇ ಅವರಿಗೆ ಸಮಾಧಾನ. ಬಸಿ ಎಸೆಯಲಿಕ್ಕೆ ನನಗೆ ಮನಸ್ಸಾಗಲಿಲ್ಲ. ಮೂಲೆಯಲ್ಲಿ ಕೂತು ಪೂರಾ ತಿಂದೆ. ಮಗಳು ಹೊರಗೆ ಹೋಗಿ ಹಲಗೆ ಒರಸಿ, ಅಪ್ಪನ ಅಡುಗೆಯನ್ನು ಮೇಲೆ ಬರೆದಳು. ಮನೆಗೆ ಹೋದಾಗ ನೆಗೆಣ್ಣಿ, "ಬಾಯಿ ಯಾಕ ಜಿಡ್ಡಾಗೈತಿ?" ಎಂದಳು. "ಬೆಣ್ಣಿ ತಿಂದೆ" ಎಂದೆ. ಆ ವಾರವೆಲ್ಲ ಅವಳ ತಲೆಯಲ್ಲಿ ಆ ಬೆಣ್ಣೆಯೇ ಕೊರೆಯುತ್ತಿತ್ತು.

ಮುದುಕ ಆ ದಾರವನ್ನೇ ಬೈಯುತ್ತ ತಿಂದು ಬದುಕಿದ. ಮಗನಿಗೆ ತಡೆಯಲಾಗಲಿಲ್ಲ. ಅಪ್ಪ ತಾನಾಗಿ ಹೋಗುವ ಹಾಗೆ ಕಾಣಲಿಲ್ಲವೆಂದು, ರಜೆಯಲ್ಲಿ ಬಂದವನು ಹೋಟೆಲು ಕಟ್ಟುವವನನ್ನು ಜೊತೆಗೇ ಕರೆತಂದ. ಬಿಳಿ ಬೂಟು ಹಾಕಿಕೊಂಡಿದ್ದ ದಪ್ಪನೆಯ ಆಸಾಮಿ. ಉಸುಕಿನಲ್ಲಿ ಬೂಟು ಹೂತು ಹೋಗುತ್ತಿದ್ದವು. ಮುದುಕ ಇಬ್ಬರನ್ನೂ ಕೂಡಿಸಿದ. ಜಾಗದ ಮಾತು ಆಮೇಲೆ, ಮೊದಲು ಊಟ ಎಂದ. "ನಾ ತಿನ್ನೂದನ್ನ ಇವರಿಗೂ ಹಾಕು" ಎಂದು ನನಗೆ ಹೇಳಿದ.

ಹಾಕಿದೆ. ನನ್ನ ಲಕ್ಷ್ಯ ಆ ದಿನ ಎಲ್ಲಿತ್ತೋ, ಉಪ್ಪನ್ನೇ ಮರೆತಿದ್ದೆ. ಮೊದಲೇ ಔಷಧ, ಅದರಲ್ಲಿ ಉಪ್ಪೂ ಇಲ್ಲ. ಆಸಾಮಿ ಒಂದು ತುತ್ತು ತಿಂದು ಕಣ್ಣರಳಿಸಿ, ಆಹಾ, ಇಂಥದ್ದನ್ನು ನಾನು ಮುಂಬಯಿಯಲ್ಲೂ ತಿಂದಿಲ್ಲ ಎಂದ. ಮಗನೂ ಹೌದೆಂದು ಗೋಣು ಹಾಕಿದ. ಮುದುಕ ತನ್ನ ಬಸಿಯಿಂದ ಒಂದು ಎಳೆ ತಿಂದು ಚಮಚ ಕೆಳಗಿಟ್ಟ.

"ಎದ್ದು ನಡೀರಿ" ಎಂದ. "ಇಂಥ ನಾಲಿಗಿ ಇದ್ದವರಿಗೆ ನಾ ನನ್ನ ಒಲಿ ಕೊಡೂದಿಲ್ಲ. ನಾ ಸತ್ತ ಮ್ಯಾಲೂ ಕೊಡೂದಿಲ್ಲ. ಜಾಗ ಮಗಳ ಹೆಸರಿಗೆ ಮಾಡ್ತೇನಿ."

ಮಗ ಮಾತಾಡಲಿಕ್ಕೆ ಬಾಯಿ ತೆರೆದ. ಮುದುಕ ಕೋಲು ಎತ್ತಿದ. ಬಿಳಿ ಬೂಟು ಉಸುಕಿನಲ್ಲಿ ಎಡವುತ್ತ ರಸ್ತೆ ಹಿಡಿದವು, ಮಗ ಅವುಗಳ ಹಿಂದೆ. ಮಗಳು ಎಂದಿನಂತೆ ಕಣ್ಣೊರೆಸಿಕೊಂಡಳು. ನನಗೆ ನಗು ತಡೆಯಲಾಗಲಿಲ್ಲ.

"ನೀ ಏನ್ ನಗಾಕತ್ತಿ?" ಎಂದು ಮುದುಕ ನನ್ನ ಮೇಲೆ ಹರಿಹಾಯ್ದ. "ಉಪ್ಪು ತಾ."